ಭಾರ ಹೊರದ ಕಾಲು ಯಾಕೆ ಸೊರಗುತ್ತದೆ?

ಪ್ರಶ್ನೆ: ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ವಿಜ್ಞಾನ ಟೀಚರ್. ಬಾಹ್ಯಾಕಾಶದಿಂದ ವಾಪಸಾದವರನ್ನು ಸ್ಟ್ರೆಚರಿನಲ್ಲಿ ಮಲಗಿಸಿ ಕರೆದೊಯ್ಯುವ ವಿಡಿಯೋ ನೋಡಿ ಒಂಬತ್ತನೇ ತರಗತಿಯ ಮಕ್ಕಳು ಕೇಳಿದರು: ತೂಕವೇ ಇಲ್ಲದ ಕಡೆ ಸ್ನಾಯುಗಳಿಗೆ ಆರಾಮ ಸಿಗಬೇಕಲ್ಲ, ಅವು ಸೊರಗುವುದೇಕೆ? ದಿನಾ ಎರಡು ಗಂಟೆ ವ್ಯಾಯಾಮ ಮಾಡಿದರೂ ಸಾಲದೇ? ಜೊತೆಗೆ ನನ್ನದೇ ಒಂದು ಪ್ರಶ್ನೆ. 74 ವರ್ಷದ ಅಮ್ಮ ಅಂಗಳದಲ್ಲಿ ಜಾರಿ ಬಿದ್ದು ಸೊಂಟದ ಹತ್ತಿರ ತೊಡೆಯ ಎಲುಬು ಮುರಿಯಿತು. ಮಂಗಳೂರಿನಲ್ಲಿ ಆಪರೇಶನ್ ಆಗಿ ಒಂದು ತಿಂಗಳಾಯಿತು. ವಾಕರ್ ಹಿಡಿದು ನಡೆಸಿ ಎಂದು ಡಾಕ್ಟರು ಹೇಳಿದ್ದಾರೆ. ಆದರೆ ನೆಂಟರೆಲ್ಲ "ಪಾಪ, ಮಲಗಲಿ, ಎಬ್ಬಿಸಬೇಡಿ" ಎನ್ನುತ್ತಾರೆ. ಅಮ್ಮನಿಗೂ ಹೆದರಿಕೆ. ಎರಡೂ ಕಾಲು ಸಪೂರವಾಗಿವೆ. ಇದೂ ಅದೂ ಒಂದೇನಾ?

ಉತ್ತರ:

ಟೀಚರೇ, ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ. ಹೌದು, ಬಹುಮಟ್ಟಿಗೆ ಒಂದೇ. ಎಷ್ಟರ ಮಟ್ಟಿಗೆ ಒಂದೇ ಎಂದರೆ, ಬಾಹ್ಯಾಕಾಶ ದೇಹಕ್ಕೆ ಏನು ಮಾಡುತ್ತದೆ ಎಂದು ನೆಲದ ಮೇಲೆಯೇ ತಿಳಿಯಬೇಕಾದಾಗ ವಿಜ್ಞಾನಿಗಳು ಆರೋಗ್ಯವಂತರನ್ನು ಹಾಸಿಗೆಯಲ್ಲಿ ಮಲಗಿಸುತ್ತಾರೆ. ತಲೆ ಕಾಲಿಗಿಂತ 6 ಡಿಗ್ರಿ ತಗ್ಗಿನಲ್ಲಿರುವ ಹಾಸಿಗೆ. ಊಟ, ಸ್ನಾನ, ಶೌಚ ಎಲ್ಲ ಮಲಗಿದಲ್ಲೇ. ಜರ್ಮನಿಯ ಕಲೋನ್, ಫ್ರಾನ್ಸಿನ ತುಲೂಸ್ ನಗರಗಳಲ್ಲಿ ಹೀಗೆ 60 ದಿನ ಮಲಗಿಸಿ ಅಧ್ಯಯನ ಮಾಡಿದ್ದಾರೆ. ಸೋವಿಯತ್ ಒಕ್ಕೂಟದಲ್ಲಿ 1986ರಲ್ಲಿ ಆರಂಭಿಸಿದ ಪ್ರಯೋಗ 370 ದಿನ ನಡೆಯಿತು. ಏಳದೆ ಮಲಗುವುದೇ ಬಾಹ್ಯಾಕಾಶಕ್ಕೆ ಬದಲಿಯಾಗಬಲ್ಲದು ಎಂದರೆ, ನಿಮ್ಮ ಅಮ್ಮನ ಕೋಣೆಯಲ್ಲಿ ಈಗ ಏನು ನಡೆಯುತ್ತಿದೆ ಎಂದು ನೀವೇ ಊಹಿಸಬಹುದು. ನಾನು ಫಿಸಿಯೋಥೆರಪಿಸ್ಟ್. ಕುಂಬ್ಡಾಜೆ, ಎಣ್ಮಕಜೆ, ಮುಳ್ಳೇರಿಯ ಕಡೆಯ ಮನೆಗಳಿಗೆ ಹೋಗಿ ಹಾಸಿಗೆ ಹಿಡಿದವರನ್ನು ಎಬ್ಬಿಸುವುದೇ ನನ್ನ ಕೆಲಸ. ಹಾಗಾಗಿ ಈ ಪ್ರಶ್ನೆ ನನಗೆ ಬರೀ ಪಾಠದ ಪ್ರಶ್ನೆಯಲ್ಲ, ಉತ್ತರ ಉದ್ದವಾದರೆ ಸಹಿಸಿಕೊಳ್ಳಿ.

ಮಕ್ಕಳ ಪ್ರಶ್ನೆಯೊಳಗೆ ಇರುವ ಒಂದು ಸಣ್ಣ ಗೊಂದಲವನ್ನು ಮೊದಲು ಬಿಡಿಸಿಬಿಡಿ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಇರುವುದು ಸುಮಾರು 400 ಕಿ.ಮೀ. ಎತ್ತರದಲ್ಲಿ, ಹೆಚ್ಚುಕಡಿಮೆ ನಮ್ಮಲ್ಲಿಂದ ಬೆಂಗಳೂರಿಗೆ ಇರುವಷ್ಟು ದೂರ. ಅಷ್ಟರಲ್ಲಿ ಭೂಮಿಯ ಸೆಳೆತ ಮಾಯವಾಗುವುದಿಲ್ಲ. ಇಲ್ಲಿರುವುದರ ಶೇ. 90ರಷ್ಟು ಅಲ್ಲೂ ಇದೆ. ನಿಲ್ದಾಣವೂ ಒಳಗಿನವರೂ ಒಟ್ಟಿಗೇ ಭೂಮಿಯ ಸುತ್ತ ಬೀಳುತ್ತಲೇ ಇರುವುದರಿಂದ ಯಾವುದರ ಮೇಲೂ ಯಾರ ಭಾರವೂ ಬೀಳುವುದಿಲ್ಲ. ಪಾದವನ್ನು ಕೆಳಗಿನಿಂದ ಒತ್ತುವ ನೆಲವೇ ಅಲ್ಲಿಲ್ಲ. ಸ್ನಾಯುವಿಗೆ ಲೆಕ್ಕಕ್ಕೆ ಬರುವುದು ಆ ಒತ್ತಡ. ಅದು ಇಲ್ಲದಿದ್ದರೆ, ಭೂಮಿಯ ಸೆಳೆತ ಎಷ್ಟಿದ್ದರೂ ಅದಕ್ಕೆ ಗೊತ್ತಾಗುವುದಿಲ್ಲ.

ಈಗ "ಆರಾಮ ಸಿಗಬೇಕಲ್ಲ" ಎಂಬ ಮಾತು. ಸ್ನಾಯು ಎಂದರೆ ಒಮ್ಮೆ ಕಟ್ಟಿ ಮುಗಿಸಿದ ವಸ್ತು ಎಂದು ನಾವು ತಿಳಿದಿರುತ್ತೇವೆ. ನಿಜದಲ್ಲಿ ಅದು ದಿನವೂ ಕಳಚುತ್ತ, ದಿನವೂ ಹೊಸದಾಗಿ ಕಟ್ಟಿಕೊಳ್ಳುತ್ತ ಇರುತ್ತದೆ. ಸ್ನಾಯುವಿನ ಪ್ರೊಟೀನಿನಲ್ಲಿ ದಿನಕ್ಕೆ ಶೇ. 1ರಿಂದ 2ರಷ್ಟು ಹಳತು ಹೋಗಿ ಹೊಸತು ಬರುತ್ತದೆ. ಹಿಂದೆ ನಮ್ಮ ಕಡೆ ಮುಳಿಹುಲ್ಲಿನ ಮಾಡು ಇತ್ತಲ್ಲ, ಮಳೆಗಾಲಕ್ಕೆ ಮುಂಚೆ ಹಳೆ ಹುಲ್ಲು ತೆಗೆದು ಹೊಸತು ಹೊದೆಸಲೇಬೇಕಿತ್ತು. ಮನೆಯಲ್ಲಿ ಜನ ಇದ್ದಷ್ಟು ಕಾಲ ಆ ಕೆಲಸ ನಡೆಯುತ್ತಿತ್ತು. ಜನ ಬಿಟ್ಟುಹೋದ ಮನೆಯ ಮಾಡನ್ನು ಯಾರೂ ಕೆಡವಬೇಕಾಗಿರಲಿಲ್ಲ, ಹೊದೆಸುವುದು ನಿಂತರೆ ಸಾಕಿತ್ತು. ಸ್ನಾಯುವಿನದ್ದೂ ಅದೇ ಗತಿ. ಹೊಸ ಪ್ರೊಟೀನ್ ಕಟ್ಟು ಎಂಬ ಆಜ್ಞೆ ಮುಖ್ಯವಾಗಿ ಬರುವುದು ಎರಡು ಕಡೆಯಿಂದ: ಒಂದು ಊಟ, ಇನ್ನೊಂದು ಭಾರ. ಸ್ನಾಯುವಿನ ಎಳೆ ಭಾರಕ್ಕೆ ಬಿಗಿದಾಗ ಆ ಎಳೆತವನ್ನು ಜೀವಕೋಶದೊಳಗಿನ ರಚನೆಗಳು ಗ್ರಹಿಸಿ ರಾಸಾಯನಿಕ ಸಂದೇಶವಾಗಿ ಬದಲಿಸುತ್ತವೆ. ಎಳೆತ ನಿಂತರೆ ಸಂದೇಶವೂ ಸಣ್ಣದಾಗುತ್ತದೆ. ಜೊತೆಗೆ ಬೇಡದ ಪ್ರೊಟೀನಿಗೆ ಗುರುತು ಹಚ್ಚಿ ಒಡೆಯಲು ಕಳಿಸುವ ವ್ಯವಸ್ಥೆ ಚುರುಕಾಗುತ್ತದೆ. ಇಲಿಗಳಲ್ಲಿ ಈ ಒಡೆಯುವ ಭಾಗ ಜೋರಾಗಿ ಕಾಣುತ್ತದೆ, ಮನುಷ್ಯರಲ್ಲಿ ಹೆಚ್ಚಿನ ನಷ್ಟ ಕಟ್ಟುವಿಕೆ ಕುಂಠಿತವಾಗುವುದರಿಂದ ಆಗುತ್ತದೆ. ಈ ವ್ಯತ್ಯಾಸ ಮುಂದೆ ಅಮ್ಮನ ಊಟದ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ಎಲ್ಲ ಸ್ನಾಯುಗಳೂ ಒಂದೇ ಥರ ಸೊರಗುವುದಿಲ್ಲ. ಇದನ್ನು ಮಕ್ಕಳಿಗೆ ತೋರಿಸುವುದು ಸುಲಭ. ಬರಿಗಾಲಿನಲ್ಲಿ ನಿಂತು, ಸ್ವಲ್ಪ ಬಾಗಿ, ಒಂದು ಕೈಯನ್ನು ಮೀನಖಂಡದ ಮೇಲೆ ಇಡಲಿ. ಇನ್ನೊಬ್ಬರು ಮುಟ್ಟಿ ನೋಡಿದರೆ ಇನ್ನೂ ಒಳ್ಳೆಯದು. ಸುಮ್ಮನೆ ನಿಂತಿದ್ದೇವೆ ಎಂದುಕೊಂಡಾಗಲೂ ದೇಹ ಮುಂದಕ್ಕೆ ಹಿಂದಕ್ಕೆ ಕೂದಲೆಳೆಯಷ್ಟು ತೂಗುತ್ತಿರುತ್ತದೆ, ಪ್ರತಿ ಸಲ ಮುಂದೆ ಬಾಗಿದಾಗ ಮೀನಖಂಡ ಬಿಗಿದು ಎಳೆದು ಹಿಡಿಯುತ್ತದೆ. ಕಣ್ಣು ಮುಚ್ಚಿ ನಿಂತರೆ ಈ ಬಿಗಿತ ಇನ್ನೂ ಸ್ಪಷ್ಟ. ನಾವು ಎದ್ದು ನಿಂತಿರುವಷ್ಟು ಹೊತ್ತೂ ಮೀನಖಂಡ, ತೊಡೆಯ ಮುಂಭಾಗ, ಪೃಷ್ಠ, ಬೆನ್ನುಮೂಳೆಗೆ ಅಂಟಿಕೊಂಡ ಆಳದ ಸ್ನಾಯುಗಳು ಹೀಗೆ ಲೆಕ್ಕಕ್ಕೆ ಸಿಗದ ದುಡಿಮೆ ಮಾಡುತ್ತಿರುತ್ತವೆ. ಕುಂಬಳೆ ಸೀಮೆಯ ಮಕ್ಕಳಿಗೆ ಯಕ್ಷಗಾನ ಹೇಳಿಕೊಡಬೇಕಿಲ್ಲ. ಪುಂಡುವೇಷದವರು ಧಿಗಿಣ (ಗಿರಕಿ ಹೊಡೆಯುತ್ತ ಹಾರುವ ಕುಣಿತ) ಹಾಕುವಾಗ ಎಲ್ಲರ ಕಣ್ಣು ಮೇಲೆ ಹಾರುವುದರ ಮೇಲಿರುತ್ತದೆ. ಸ್ನಾಯುವಿನ ದೃಷ್ಟಿಯಿಂದ ದೊಡ್ಡ ಕೆಲಸ ನಡೆಯುವುದು ಪಾದ ರಂಗಸ್ಥಳಕ್ಕೆ ತಾಗುವ ಕ್ಷಣದಲ್ಲಿ. ದೇಹದ ತೂಕದ ಹಲವು ಪಟ್ಟು ಬಲ ಕಾಲಿನ ಮೇಲೆ ಬೀಳುತ್ತದೆ. ತೊಡೆ, ಮೀನಖಂಡ ಉದ್ದಕ್ಕೆ ಎಳೆಯಲ್ಪಡುತ್ತಲೇ ಅದನ್ನು ತಡೆದು ನಿಲ್ಲಿಸುತ್ತವೆ. ಹೀಗೆ ಎಳೆತದಲ್ಲಿದ್ದು ಭಾರ ತಡೆಯುವುದೇ ಸ್ನಾಯು ಬೆಳೆಯಲು ಸಿಗುವ ಅತಿ ಬಲವಾದ ಸಂದೇಶಗಳಲ್ಲಿ ಒಂದು.

ನಿಲ್ದಾಣದಲ್ಲಿ ಈ ಎಳೆತ ಸಿಗುವುದೇ ಇಲ್ಲ. ತೇಲುವ ದೇಹ ತನ್ನಷ್ಟಕ್ಕೆ ಸೊಂಟ, ಮೊಣಕಾಲು ಅರ್ಧ ಮಡಚಿ, ಪಾದದ ತುದಿ ಕೆಳಕ್ಕೆ ಚಾಚಿದ ಭಂಗಿಗೆ ಬರುತ್ತದೆ. ಆಗ ಮೀನಖಂಡ ಸಡಿಲವಾಗಿ, ಗಿಡ್ಡವಾಗಿ ಉಳಿಯುತ್ತದೆ. ಕೈಗಳಿಗೇನೋ ಬಿಡುವಿಲ್ಲದ ಕೆಲಸ. ಅಲ್ಲಿ ಓಡಾಡುವುದೇ ಕೈಯಿಂದ. ಕಾಲಿಗೆ ಇರುವ ಕೆಲಸವೆಂದರೆ, ಒಂದೆಡೆ ನಿಲ್ಲಬೇಕಾದಾಗ ಗೋಡೆಯ ಕಂಬಿಯಡಿ ಪಾದ ತೂರಿಸಿ ಹಿಡಿದುಕೊಳ್ಳುವುದು. ತಿಂಗಳುಗಟ್ಟಲೆ ಹೀಗಿದ್ದವರ ಅಂಗಾಲಿನ ಗಟ್ಟಿ ಚರ್ಮ ಸುಲಿದುಹೋಗಿ ಎಳೆಗೂಸಿನದರಷ್ಟು ಮೆತ್ತಗಾಗುತ್ತದೆ, ಕಂಬಿಗೆ ತಾಗುವ ಪಾದದ ಮೇಲ್ಭಾಗದಲ್ಲಿ ಜಡ್ಡು ಕಟ್ಟುತ್ತದೆ. ದೇಹ ತನ್ನ ಮೇಲೆ ಬೀಳುವ ಒತ್ತಡವನ್ನು ಎಷ್ಟು ಸೂಕ್ಷ್ಮವಾಗಿ ಲೆಕ್ಕವಿಡುತ್ತದೆ ಎಂದು ತೋರಿಸಲು ತರಗತಿಯಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಒಂದು ಎಚ್ಚರಿಕೆ. ಮೊದಲ ಕೆಲವು ದಿನಗಳಲ್ಲಿ ಗಗನಯಾನಿಗಳ ಕಾಲು ಸಪೂರವಾಗಿ, ಮುಖ ಊದಿದಂತೆ ಕಾಣುವುದು ಸ್ನಾಯು ಕರಗಿದ್ದರಿಂದ ಅಲ್ಲ. ಇಲ್ಲಿ ಕಾಲಿನ ಕಡೆ ಇಳಿದಿರುತ್ತಿದ್ದ ರಕ್ತ, ದ್ರವ ಅಲ್ಲಿ ಎದೆ, ತಲೆಯ ಕಡೆ ಸರಿಯುತ್ತದೆ. ಸ್ನಾಯು ಸೊರಗುವುದು ಅದರ ಹಿಂದೆಯೇ ಶುರುವಾಗುತ್ತದೆ, ಆದರೆ ಅದು ಬೇರೆಯೇ ಸಂಗತಿ.

ಎಷ್ಟು ಸೊರಗುತ್ತದೆ? 5ರಿಂದ 11 ದಿನಗಳ ಯಾನದಲ್ಲೇ ಶೇ. 20ರವರೆಗೆ ಸ್ನಾಯು ಹೋಗಬಹುದು ಎಂದು ನಾಸಾ ಹೇಳಿದೆ. ಅದು ತಡೆಯುವ ಉಪಾಯವೇನೂ ಇಲ್ಲದಾಗಿನ ಗರಿಷ್ಠ ಅಂಕಿ. ನನಗೆ ಹೆಚ್ಚು ಪಾಠ ಕಲಿಸಿದ್ದು 2009ರಲ್ಲಿ ಪ್ರಕಟವಾದ ಒಂದು ಅಧ್ಯಯನ. ನಿಲ್ದಾಣದಲ್ಲಿ ಸುಮಾರು ಆರು ತಿಂಗಳು ಇದ್ದ 9 ಮಂದಿಯ ಮೀನಖಂಡವನ್ನು ಹೋಗುವ ಮೊದಲು, ಬಂದ ಮೇಲೆ ಅಳೆದರು. ಇವರೆಲ್ಲ ಅಲ್ಲಿ ವಾರಕ್ಕೆ ಸುಮಾರು 5 ಗಂಟೆ ಓಟ, ಸೈಕಲ್ ಇತ್ಯಾದಿ ಮಾಡಿದವರು, ಅದರ ಜೊತೆ ವಾರದಲ್ಲಿ ಹಲವು ದಿನ ಭಾರ ಎಳೆಯುವ ವ್ಯಾಯಾಮವನ್ನೂ ಮಾಡಿದವರು. ಆದರೂ ಮೀನಖಂಡದ ಗಾತ್ರ ಶೇ. 13ರಷ್ಟು ಇಳಿದಿತ್ತು. ಅದರಲ್ಲೂ ನಿಲ್ಲುವಾಗ ಸದಾ ದುಡಿಯುವ ಒಳಪದರ ಸೋಲಿಯಸ್‌ನಲ್ಲಿ ಶೇ. 15, ಹೊರಗೆ ಉಬ್ಬಿ ಕಾಣುವ ಗ್ಯಾಸ್ಟ್ರೋಕ್ನೀಮಿಯಸ್‌ನಲ್ಲಿ ಶೇ. 10. ಆದರೆ ಶಕ್ತಿ? ಗರಿಷ್ಠ ಶಕ್ತಿ ಶೇ. 32ರಷ್ಟು ಕುಸಿದಿತ್ತು.

ಗಾತ್ರ 13, ಶಕ್ತಿ 32. ಈ ಎರಡು ಅಂಕಿಗಳ ನಡುವಿನ ಅಂತರವನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಸ್ನಾಯು ಎಷ್ಟು ಸಣ್ಣದಾಯಿತೋ ಅದಕ್ಕಿಂತ ಎಷ್ಟೋ ಹೆಚ್ಚು ದುರ್ಬಲವಾಗುತ್ತದೆ. ನರದಿಂದ ಬರುವ ಆಜ್ಞೆ ಮಂಕಾಗುವುದು ಒಂದು ಕಾರಣ, ಉಳಿದ ಎಳೆಗಳ ಗುಣವೇ ಬದಲಾಗುವುದು ಇನ್ನೊಂದು. ನಮ್ಮ ಸ್ನಾಯುವಿನಲ್ಲಿ ನಿಧಾನವಾಗಿ, ದಣಿಯದೆ ದುಡಿಯುವ ಕೆಂಪು ಎಳೆಗಳೂ, ಥಟ್ಟನೆ ಜೋರು ತೋರಿಸಿ ಬೇಗ ಸುಸ್ತಾಗುವ ಬಿಳಿ ಎಳೆಗಳೂ ಇವೆ. ಬಾಹ್ಯಾಕಾಶದಲ್ಲಿ ಮೊದಲು ಏಟು ತಿನ್ನುವುದು ದಣಿಯದ ಕೆಂಪು ಎಳೆಗಳು. ಅವುಗಳಲ್ಲಿ ಕೆಲವು ಬಿಳಿ ಎಳೆಗಳ ಗುಣಕ್ಕೆ ತಿರುಗುತ್ತವೆ. ಆ 9 ಮಂದಿಯಲ್ಲೂ ಹಾಗೆಯೇ ಆಗಿತ್ತು. ಹಾಗಾಗಿ ವಾಪಸಾದವರಿಗೆ ಜೋರು ಕಡಿಮೆ ಎನಿಸುವುದರ ಜೊತೆಗೆ ಬೇಗ ದಣಿವೂ ಆಗುತ್ತದೆ.

ಈಗ ಎರಡು ಗಂಟೆ ವ್ಯಾಯಾಮದ ವಿಷಯ. ಇದನ್ನು ಚರಿತ್ರೆಯಾಗಿ ಹೇಳಿದರೆ ಮಕ್ಕಳಿಗೆ ಹೆಚ್ಚು ಹಿಡಿಸುತ್ತದೆ, ಏಕೆಂದರೆ ಒಂದೊಂದು ಯಾನವೂ ಒಂದೊಂದು ತಿದ್ದುಪಡಿ.

1970ರ ಜೂನ್‌ನಲ್ಲಿ ಸೋಯುಜ್ 9ರಲ್ಲಿ ನಿಕೊಲಾಯೆವ್, ಸೆವಾಸ್ತ್ಯಾನೊವ್ ಇಬ್ಬರು ಸುಮಾರು 18 ದಿನ ಇದ್ದರು. ಇಕ್ಕಟ್ಟಾದ ನೌಕೆ, ಹೆಚ್ಚಿಗೆ ವ್ಯಾಯಾಮಕ್ಕೆ ಅವಕಾಶವಿಲ್ಲ. ಇಳಿದ ಮೇಲೆ ನಿಲ್ಲಲು, ನಡೆಯಲು ಅವರು ಪಟ್ಟ ಕಷ್ಟ ಸೋವಿಯತ್ ವೈದ್ಯರನ್ನು ಗಾಬರಿಗೊಳಿಸಿತು. 1973-74ರಲ್ಲಿ ಅಮೆರಿಕದ ಸ್ಕೈಲ್ಯಾಬ್‌ಗೆ ಮೂರು ತಂಡಗಳು ಹೋದವು: 28 ದಿನ, 59 ದಿನ, 84 ದಿನ. ಮೊದಲ ತಂಡಕ್ಕೆ ಇದ್ದದ್ದು ಸೈಕಲ್ ಮಾತ್ರ. ಹೃದಯ, ಶ್ವಾಸಕೋಶಕ್ಕೆ ಅದು ಸಾಕಾಯಿತು, ಕಾಲಿನ ಬಲ ಚೆನ್ನಾಗಿಯೇ ಇಳಿಯಿತು. ಮೂರನೇ ತಂಡಕ್ಕೆ ಒಂದು ಟೆಫ್ಲಾನ್ ಲೇಪದ ಹಲಗೆ ಕೊಟ್ಟರು. ಹೆಗಲು, ಸೊಂಟಕ್ಕೆ ಪಟ್ಟಿ ಕಟ್ಟಿ, ರಬ್ಬರ್ ಹಗ್ಗಗಳಿಂದ ದೇಹವನ್ನು ಹಲಗೆಯತ್ತ ಎಳೆದು ಹಿಡಿದು, ಕಾಲ್ಚೀಲ ಹಾಕಿ ಅದರ ಮೇಲೆ ಜಾರುತ್ತ ನಡೆಯುವುದು. ಸರಳ ಸಾಧನ. ಆದರೆ ಅತಿ ಹೆಚ್ಚು ದಿನ ಇದ್ದ ಆ ತಂಡವೇ ಕಾಲಿನ ಬಲವನ್ನು ಉಳಿದವರಿಗಿಂತ ಚೆನ್ನಾಗಿ ಉಳಿಸಿಕೊಂಡಿತು. ನನ್ನ ಪ್ರಕಾರ ಈ ವಿಷಯದಲ್ಲಿ ಅತ್ಯಂತ ಮುಖ್ಯವಾದ ಪ್ರಯೋಗ ಇದೇ. ಕಾಲು ಆಡಿದರೆ ಸಾಲದು, ಕಾಲಿನ ಮೇಲೆ ಭಾರ ಬೀಳಬೇಕು ಎಂದು ಅದು ಐವತ್ತು ವರ್ಷ ಹಿಂದೆಯೇ ತೋರಿಸಿಕೊಟ್ಟಿತು.

ಈಗಿನ ನಿಲ್ದಾಣದಲ್ಲಿ ಆರಂಭದಲ್ಲಿ ಇದ್ದ ಭಾರದ ಯಂತ್ರ ಗರಿಷ್ಠ 136 ಕಿಲೋವರೆಗಿನ ಎಳೆತ ಕೊಡುತ್ತಿತ್ತು. ಕೇಳಲು ದೊಡ್ಡದು. ಆದರೆ ಲೆಕ್ಕ ಹಾಕಿ ನೋಡಿ: ನಾವಿಲ್ಲಿ ಬರಿಗೈಯಲ್ಲಿ ಕೂತು ಎದ್ದರೂ ನಮ್ಮ ಮೈಯ ತೂಕದ ಬಹುಪಾಲನ್ನು ಎತ್ತಿರುತ್ತೇವೆ. ಅಲ್ಲಿ ಆ ಮೈತೂಕವೇ ಸೊನ್ನೆ. ಆದ್ದರಿಂದ ಮೈತೂಕದಷ್ಟು ಭಾರವನ್ನು ಯಂತ್ರವೇ ಕೊಡಬೇಕು, ವ್ಯಾಯಾಮದ ಭಾರ ಅದರ ಮೇಲೆ. 2009ರ ಹೊತ್ತಿಗೆ ಬಳಕೆಗೆ ಬಂದ ಹೊಸ ಯಂತ್ರ 272 ಕಿಲೋವರೆಗೆ ಕೊಡುತ್ತದೆ. ತೂಕದ ತಟ್ಟೆಗಳಿಂದ ಅಲ್ಲಿ ಪ್ರಯೋಜನವಿಲ್ಲವಲ್ಲ, ಹಾಗಾಗಿ ಗಾಳಿ ತೆಗೆದ ಸಿಲಿಂಡರುಗಳ ಪಿಸ್ಟನ್‌ಗಳನ್ನು ಎಳೆಯಬೇಕು. ಇದರ ಜೊತೆ ಪಟ್ಟಿ ಕಟ್ಟಿಕೊಂಡು ಓಡುವ ಟ್ರೆಡ್‌ಮಿಲ್, ಸೈಕಲ್. ಹೊಸ ಯಂತ್ರ ಬಂದ ಮೇಲೆ ಸ್ನಾಯು, ಎಲುಬು ಎರಡರ ನಷ್ಟವೂ ಇಳಿದಿದೆ, ಪೂರ್ತಿ ನಿಂತಿಲ್ಲ. ದಿನದಲ್ಲಿ ಎರಡು ಗಂಟೆ ಎಂದು ಹೇಳುವುದರಲ್ಲಿ ಯಂತ್ರ ಸಜ್ಜು ಮಾಡುವುದು, ಮೈ ಒರೆಸಿಕೊಳ್ಳುವುದು ಎಲ್ಲ ಸೇರುತ್ತದೆ. ಉಳಿದ ಇಪ್ಪತ್ತೆರಡು ಗಂಟೆ ಕಾಲಿಗೆ ಏನೂ ಇಲ್ಲ. ನಾವಿಲ್ಲಿ ಅಡುಗೆ ಮಾಡುತ್ತ, ಬಸ್ಸಿಗೆ ಕಾಯುತ್ತ, ಜಗಲಿಯ ಮೆಟ್ಟಿಲು ಹತ್ತುತ್ತ ಕಾಲಿಗೆ ಕೊಡುವ ಭಾರಕ್ಕೆ ಸಮನಾದದ್ದನ್ನು ಅವರು ಎರಡು ಗಂಟೆಯಲ್ಲಿ ತುಂಬಿಸಬೇಕು. ಅದು ಕಷ್ಟ.

ಸ್ಟ್ರೆಚರಿನ ವಿಡಿಯೋದಿಂದ ಮಕ್ಕಳು ಸ್ನಾಯುವೇ ಸತ್ತುಹೋಗಿದೆ ಎಂದು ತಿಳಿಯದಿರಲಿ. ಸುನೀತಾ ವಿಲಿಯಮ್ಸ್ 286 ದಿನ ಇದ್ದು 2025ರ ಮಾರ್ಚ್‌ನಲ್ಲಿ ವಾಪಸಾದಾಗಲೂ ಹೀಗೆಯೇ ಕರೆದೊಯ್ದರು. ದೀರ್ಘ ಯಾನದಿಂದ ಬಂದವರಿಗೆಲ್ಲ ಇದು ಮುನ್ನೆಚ್ಚರಿಕೆಯ ಕ್ರಮ. ಒಳಕಿವಿಯ ಸಮತೋಲನದ ಅಂಗ ಮತ್ತೆ ಭೂಮಿಗೆ ಹೊಂದಿಕೊಳ್ಳುವವರೆಗೆ ತಲೆ ತಿರುಗುತ್ತದೆ, ಎದ್ದ ಕೂಡಲೇ ರಕ್ತದೊತ್ತಡ ಇಳಿದು ಕಣ್ಣು ಕತ್ತಲೆ ಬರಬಹುದು. ಆ ಮೊದಲ ಗಂಟೆಗಳ ತೊಂದರೆಯಲ್ಲಿ ಇವುಗಳ ಪಾಲೇ ದೊಡ್ಡದು. ರಷ್ಯಾದ ವಲೇರಿ ಪೊಲ್ಯಕೋವ್ 1994-95ರಲ್ಲಿ ಮಿರ್ ನಿಲ್ದಾಣದಲ್ಲಿ ಒಂದೇ ಸಲಕ್ಕೆ 437 ದಿನ ಇದ್ದು, ಬಿಡದೆ ವ್ಯಾಯಾಮ ಮಾಡಿ, ಇಳಿದ ಮೇಲೆ ನೌಕೆಯಿಂದ ಹತ್ತಿರದ ಕುರ್ಚಿಗೆ ತಾವೇ ನಡೆದು ಹೋದರು. ಯಾನಿಗಳಿಗೆ ವಾಪಸಾದ ಮೇಲೆ ನಾಸಾ 45 ದಿನಗಳ ಪುನಶ್ಚೇತನ ಇಟ್ಟಿದೆ, ದಿನಕ್ಕೆ ಎರಡು ಗಂಟೆ. ಸ್ನಾಯು ವಾರ, ತಿಂಗಳುಗಳಲ್ಲಿ ಮರಳುತ್ತದೆ. ಎಲುಬು ಹಾಗಲ್ಲ. ಅಲ್ಲಿ ತಿಂಗಳಿಗೆ ಶೇ. 1ರಿಂದ 1.5ರಷ್ಟು ಸಾಂದ್ರತೆ ಕಳೆದುಕೊಳ್ಳುವ ಸೊಂಟದ ಎಲುಬು ವರ್ಷವಾದರೂ ಪೂರ್ತಿ ತುಂಬಿಕೊಳ್ಳದಿರಬಹುದು.

ನಮ್ಮವರ ಬಗ್ಗೆಯೂ ಮಕ್ಕಳು ಕೇಳಿಯೇ ಕೇಳುತ್ತಾರೆ. ರಾಕೇಶ್ ಶರ್ಮಾ 1984ರ ಏಪ್ರಿಲ್‌ನಲ್ಲಿ ಸೋವಿಯತ್ ನಿಲ್ದಾಣ ಸಲ್ಯೂತ್ 7ರಲ್ಲಿ ಇದ್ದ ಸುಮಾರು 8 ದಿನಗಳಲ್ಲಿ ಯೋಗಾಭ್ಯಾಸವನ್ನೇ ಒಂದು ಪ್ರಯೋಗವಾಗಿ ಮಾಡಿದ್ದರು. ಶುಭಾಂಶು ಶುಕ್ಲಾ 2025ರ ಜೂನ್ 25ರಂದು ಹೊರಟು ಜುಲೈ 15ರಂದು ಮರಳಿದ ಯಾನದಲ್ಲಿ ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯ ಪ್ರಯೋಗವೊಂದು ಇತ್ತು. ಸ್ನಾಯುವನ್ನು ರಿಪೇರಿ ಮಾಡುವ ಕಾಂಡಕೋಶಗಳು ತೂಕವಿಲ್ಲದ ಸ್ಥಿತಿಯಲ್ಲಿ ಹೇಗೆ ವರ್ತಿಸುತ್ತವೆ, ಕೆಲವು ಪೂರಕಗಳು ಅವಕ್ಕೆ ನೆರವಾಗುತ್ತವೆಯೇ ಎಂದು ನೋಡುವುದು ಅದರ ಉದ್ದೇಶ. ಪಾಲಕ್ಕಾಡಿನ ನೆನ್ಮಾರದ ಪ್ರಶಾಂತ್ ನಾಯರ್ ಸೇರಿದಂತೆ ನಾಲ್ವರು ಸಿದ್ಧರಾಗಿರುವ ಗಗನಯಾನದ ಯೋಜನೆ ಮೂರು ದಿನಗಳದ್ದು. ಅಷ್ಟರಲ್ಲಿ ಸ್ನಾಯುವಿಗೆ ದೊಡ್ಡ ನಷ್ಟವೇನೂ ಆಗದು. ಸ್ನಾಯುವಿನ ಪ್ರಶ್ನೆ ಗಂಭೀರವಾಗುವುದು ಮಂಗಳಕ್ಕೆ ಹೊರಟಾಗ. ಹೋಗಲೇ ಆರರಿಂದ ಒಂಬತ್ತು ತಿಂಗಳು ಬೇಕು, ಇಳಿದಲ್ಲಿ ಸ್ಟ್ರೆಚರ್ ಹಿಡಿದು ಕಾಯುವವರು ಯಾರೂ ಇರುವುದಿಲ್ಲ.

ಇದಕ್ಕೆ ಮದ್ದು ಇಲ್ಲವೇ ಎಂದರೆ, ಇಲಿಗಳಲ್ಲಿ ಇದೆ. ಸ್ನಾಯು ಮಿತಿಮೀರಿ ಬೆಳೆಯದಂತೆ ತಡೆಯುವ ಮಯೊಸ್ಟಾಟಿನ್ ಎಂಬ ಪ್ರೊಟೀನ್ ನಮ್ಮೆಲ್ಲರಲ್ಲೂ ಇದೆ. ಅದಿಲ್ಲದಂತೆ ಬೆಳೆಸಿದ ಇಲಿಗಳನ್ನು 2019ರ ಡಿಸೆಂಬರಿನಲ್ಲಿ ನಿಲ್ದಾಣಕ್ಕೆ ಕಳಿಸಿದರು. 33 ದಿನದ ಬಳಿಕವೂ ಅವುಗಳ ಸ್ನಾಯು ಬಹುಮಟ್ಟಿಗೆ ಹಾಗೆಯೇ ಇತ್ತು. ಸಾಮಾನ್ಯ ಇಲಿಗಳಲ್ಲಿ ಆ ತಡೆಯನ್ನು ಔಷಧದಿಂದ ಕಟ್ಟಿಹಾಕಿದಾಗಲೂ ಸ್ನಾಯು ಉಳಿಯಿತು. ತುಂಬ ಭರವಸೆಯ ಕೆಲಸ. ಆದರೆ ಹಾಸಿಗೆ ಹಿಡಿದ ನಮ್ಮ ಹಿರಿಯರಿಗೆ ಬರೆದುಕೊಡುವ ಮದ್ದು ಅದಲ್ಲ. ಮನೆ ಬಾಗಿಲಿಗೆ ಬಂದು ಸಾವಿರಾರು ರೂಪಾಯಿಗೆ ಪುಡಿ ಡಬ್ಬ ಮಾರಿ "ಇದನ್ನು ಕುಡಿಸಿ, ಕಾಲಿಗೆ ಬಲ ಬರುತ್ತದೆ" ಎನ್ನುವವರನ್ನು ನಂಬಬೇಡಿ. ಕಾಲಿನ ಮೇಲೆ ಭಾರ ಬೀಳದಿದ್ದರೆ ಎಷ್ಟು ಪ್ರೊಟೀನ್ ಕೊಟ್ಟರೂ ಕಟ್ಟುವ ಆಜ್ಞೆ ಅರೆಬರೆಯಾಗಿಯೇ ಉಳಿಯುತ್ತದೆ.

ಈಗ ಅಮ್ಮನ ವಿಷಯ. ಗಗನಯಾನಿಗಳಿಗಿಂತ ಅಮ್ಮನ ಸ್ಥಿತಿ ಹೆಚ್ಚು ಸೂಕ್ಷ್ಮ ಎಂದು ನಾನು ಹೇಳಿದರೆ ಹೆದರಿಸುತ್ತಿದ್ದೇನೆ ಎಂದುಕೊಳ್ಳಬೇಡಿ. 2007ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಆರೋಗ್ಯವಂತ ಹಿರಿಯರನ್ನು ಬರೀ 10 ದಿನ ಹಾಸಿಗೆಯಲ್ಲಿ ಇಟ್ಟರು. ಕಾಯಿಲೆ ಇಲ್ಲ, ಮುರಿತ ಇಲ್ಲ, ಊಟ ಸರಿಯಾಗಿಯೇ ಇತ್ತು. ಆದರೂ ಕಾಲುಗಳಿಂದ ಸುಮಾರು ಒಂದು ಕಿಲೋದಷ್ಟು ಸ್ನಾಯು ಹೋಗಿತ್ತು. ಯುವಕರು ಇಂಥದೇ ಪ್ರಯೋಗದಲ್ಲಿ 28 ದಿನ ಮಲಗಿಯೂ ಇಷ್ಟು ಕಳೆದುಕೊಂಡಿರಲಿಲ್ಲ. ಇನ್ನೊಂದು ಸಂಗತಿ: ವಯಸ್ಸಾಗುತ್ತ ಸಹಜವಾಗಿ ಸವೆಯುವುದು ಹೆಚ್ಚಾಗಿ ಬಿಳಿ ಎಳೆಗಳು, ಎಡವಿದಾಗ ಥಟ್ಟನೆ ಕಾಲಿಟ್ಟು ಬೀಳದಂತೆ ಕಾಯುವ ಎಳೆಗಳು. ಹಾಸಿಗೆ ಹಿಡಿದರೆ ನಿಂತಿರಲು ಬೇಕಾದ ಕೆಂಪು ಎಳೆಗಳಿಗೂ ಏಟು. 74ರ ವಯಸ್ಸಿನಲ್ಲಿ ತಿಂಗಳು ಮಲಗಿದವರಿಗೆ ಎರಡೂ ಕಡೆಯ ನಷ್ಟ. ಅದಕ್ಕೇ "ಪಾಪ, ಮಲಗಲಿ" ಎಂಬ ಪ್ರೀತಿಯ ಮಾತು ನನ್ನನ್ನು ಇಷ್ಟು ಕಳವಳಕ್ಕೀಡು ಮಾಡುವುದು. ಸೊಂಟದ ಮುರಿತಕ್ಕೆ ಆಪರೇಶನ್ ಮಾಡುವ ಮುಖ್ಯ ಕಾರಣಗಳಲ್ಲಿ ಒಂದು ರೋಗಿಯನ್ನು ಬೇಗ ಎಬ್ಬಿಸಿ ನಿಲ್ಲಿಸುವುದು. ಸಾಧ್ಯವಿದ್ದರೆ ಮರುದಿನವೇ ಎಬ್ಬಿಸಬೇಕು ಎಂಬುದು ಇಂದಿನ ವೈದ್ಯಕೀಯ ಕ್ರಮ. ಎಬ್ಬಿಸದಿದ್ದರೆ ಆಪರೇಶನ್ನಿನ ಅರ್ಧ ಫಲ ನೀರಿಗೆ ಹೋದಂತೆ.

ಇಂದು ಸಂಜೆಯೇ ಒಂದು ಕೆಲಸ ಮಾಡಿ. ಅಮ್ಮ ಕಾಲು ನೀಡಿ ಮಲಗಿರುವಾಗ ಮೊಣಕಾಲಿನ ಚಿಪ್ಪಿನ ಮೇಲೆ, ಒಳಬದಿಗೆ, ನಿಮ್ಮ ಹೆಬ್ಬೆರಳು ಇಡಿ. ಮೊಣಕಾಲನ್ನು ಹಾಸಿಗೆಗೆ ಒತ್ತಲು ಹೇಳಿ. ಅಲ್ಲಿ ಒಂದು ಸಣ್ಣ ಉಬ್ಬು ಗಟ್ಟಿಯಾಗಿ ಬೆರಳಿಗೆ ತಾಗಬೇಕು. ತಗ್ಗು ಮಾತ್ರ ಸಿಕ್ಕಿ, ಒತ್ತಿದಾಗಲೂ ಮೆತ್ತಗೇ ಉಳಿದರೆ ತೊಡೆಯ ಮುಂಭಾಗದ ಸ್ನಾಯು ಎಷ್ಟು ಸೊರಗಿದೆ ಎಂದು ನಿಮಗೇ ತಿಳಿಯುತ್ತದೆ. ಎರಡೂ ಕಾಲಿನಲ್ಲಿ ನೋಡಿ. ಮುರಿಯದ ಕಾಲೂ ಸಪೂರವಾಗಿದೆ ಎಂದು ನೀವೇ ಬರೆದಿದ್ದೀರಿ. ಅದಕ್ಕೆ ಏಟು ಬಿದ್ದಿಲ್ಲ, ಭಾರ ಬೀಳದ್ದೇ ಅದರ ಕಾಯಿಲೆ.

ನಂತರ ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ ತೆಗೆದು ನೋಡಿ. "ವೆಯ್ಟ್ ಬೇರಿಂಗ್" ಎಂಬ ಪದ ಎಲ್ಲಾದರೂ ಇರುತ್ತದೆ. ಅದರ ಹಿಂದೆ "ಫುಲ್" ಎಂದಿದ್ದರೆ ಆ ಕಾಲಿನ ಮೇಲೆ ಪೂರ್ತಿ ಭಾರ ಹಾಕಬಹುದು, "ಪಾರ್ಶಿಯಲ್" ಎಂದಿದ್ದರೆ ಸ್ವಲ್ಪ, "ನಾನ್" ಎಂದಿದ್ದರೆ ಸದ್ಯಕ್ಕೆ ನೆಲಕ್ಕೆ ಊರುವಂತಿಲ್ಲ. ಸ್ಪಷ್ಟವಿಲ್ಲದಿದ್ದರೆ ಆಪರೇಶನ್ ಮಾಡಿದ ಡಾಕ್ಟರಿಗೆ ಫೋನ್ ಮಾಡಿ ಇದೊಂದೇ ಪ್ರಶ್ನೆ ಕೇಳಿ. ಉಳಿದದ್ದೆಲ್ಲ ಆ ಉತ್ತರದ ಮೇಲೆ ನಿಂತಿದೆ.

ಅನುಮತಿ ಇದ್ದರೆ, ಪಾದ ಮೇಲೆ ಕೆಳಗೆ ಆಡಿಸುವುದಕ್ಕೇ ನಿಲ್ಲಿಸಬೇಡಿ. ಅದು ರಕ್ತಸಂಚಾರಕ್ಕೆ ಒಳ್ಳೆಯದು, ಸ್ನಾಯುವಿಗೆ ಸ್ಕೈಲ್ಯಾಬಿನ ಸೈಕಲ್ ಇದ್ದ ಹಾಗೆ, ಸಾಲದು. ಮೊದಲು ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಎರಡು ಮೂರು ನಿಮಿಷ ಕೂರಿಸಿ. ತಲೆ ತಿರುಗದಿದ್ದರೆ ವಾಕರ್ ಹಿಡಿದು ನಿಲ್ಲಿಸಿ. ಕೈ ಇರುವ, ಎತ್ತರದ ಕುರ್ಚಿ ಬೇಕು. ಕುರ್ಚಿ ತಗ್ಗಾಗಿದ್ದರೆ ಮೇಲೆ ಗಟ್ಟಿ ದಿಂಬು ಹಾಕಿ. ಅದರಿಂದ ಏಳುವುದು, ನಿಧಾನವಾಗಿ ಕೂರುವುದು. ಕೂರುವಾಗ ದೊಪ್ಪನೆ ಬೀಳದೆ ತಡೆದು ಇಳಿಯಬೇಕು, ಧಿಗಿಣದ ವಿಷಯದಲ್ಲಿ ಹೇಳಿದೆನಲ್ಲ, ಆ ತಡೆಯುವಿಕೆಯಲ್ಲೇ ಸ್ನಾಯುವಿಗೆ ಲಾಭ. ಒಂದು ಸಲಕ್ಕೆ ನಾಲ್ಕೈದು ಬಾರಿ ಸಾಕು, ದಿನಕ್ಕೆ ಹಲವು ಸಲ ಆಗಲಿ. ಅದು ಸಲೀಸಾದ ಮೇಲೆ ಕಿಟಕಿಯ ಸರಳು ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು. ಸುಲಭವಾಗಿ ಆಗತೊಡಗಿದರೆ ಸ್ವಲ್ಪ ಹೆಚ್ಚಿಸಿ. ಕೊನೆಯ ಬಾರಿ ಏಳುವಾಗ ಶ್ರಮ ಅನಿಸಬೇಕು, ಇಲ್ಲದಿದ್ದರೆ ಸಂದೇಶ ಹೋಗಿಲ್ಲವೆಂದೇ ಲೆಕ್ಕ. ಅಮ್ಮನ ಹೆದರಿಕೆಗೆ ಬೈಯಬೇಡಿ. ಮಂಚದಿಂದ ಜಗಲಿಯವರೆಗೆ ಹೋಗಿ ಅಲ್ಲಿ ಕೂತು ಕಾಫಿ ಕುಡಿಯುವುದು ಎಂಬಂಥ ಒಂದು ಗುರಿ ಕೊಟ್ಟರೆ ಹೆಚ್ಚಿನವರು ಎದ್ದೇ ಏಳುತ್ತಾರೆ.

ಊಟದ ಬಗ್ಗೆ. ಹಾಸಿಗೆ ಹಿಡಿದವರಿಗೆ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ, ಅಷ್ಟೇ ಕೊಡುವ ರೂಢಿ ನಮ್ಮ ಕಡೆ ಇದೆ. ಜೀರ್ಣಕ್ಕೆ ಹಗುರ, ನಿಜ. ಸ್ನಾಯು ಕಟ್ಟಲು ಸಾಕಾಗುವಷ್ಟು ಸಾಮಗ್ರಿ ಅದರಲ್ಲಿ ಇಲ್ಲ. ಮನುಷ್ಯರಲ್ಲಿ ಮುಖ್ಯ ನಷ್ಟ ಕಟ್ಟುವಿಕೆ ಕುಂಠಿತವಾಗುವುದರಿಂದ ಎಂದೆನಲ್ಲ, ಹಿರಿಯರಲ್ಲಿ ಆ ಕಟ್ಟುವಿಕೆ ಮೊದಲೇ ಮಂದ. ಕಾಯಿಲೆಯಿಂದ ಚೇತರಿಸಿಕೊಳ್ಳುವ ಹಿರಿಯರಿಗೆ ದಿನಕ್ಕೆ, ಮೈತೂಕದ ಪ್ರತಿ ಕಿಲೋಗೆ 1.2ರಿಂದ 1.5 ಗ್ರಾಂ ಪ್ರೊಟೀನ್ ಬೇಕು. 50 ಕಿಲೋ ತೂಗುವವರಿಗೆ 60 ಗ್ರಾಮಿಗೆ ಕಡಿಮೆಯಾಗದಂತೆ. ಗಂಜಿಯನ್ನೇ ಕೊಡಿ, ಅದರ ಜೊತೆ ಬೇಯಿಸಿದ ಹೆಸರುಕಾಳು, ಮೊಸರು, ಮನೆಯಲ್ಲಿ ತಿನ್ನುವ ಕ್ರಮ ಇದ್ದರೆ ಮೊಟ್ಟೆ, ಬಂಗುಡೆ. ರಾತ್ರಿ ಒಂದೇ ಸಲ ತುಂಬಿಸದೆ ಮೂರು ಹೊತ್ತಿಗೂ ಹಂಚಿ. ಮೂತ್ರಪಿಂಡದ ತೊಂದರೆ ಇದ್ದರೆ ಮಾತ್ರ ಡಾಕ್ಟರನ್ನು ಕೇಳದೆ ಹೆಚ್ಚಿಸಬೇಡಿ.

ನೀವು ಶಾಲೆಗೆ ಹೋದಾಗ ಎಬ್ಬಿಸುವವರು ಯಾರು ಎಂಬುದು ಮುಂದಿನ ತೊಡಕು ಎಂದು ನನಗೆ ಗೊತ್ತು. ನಿಮ್ಮ ಪಂಚಾಯತಿನ ಕುಟುಂಬ ಆರೋಗ್ಯ ಕೇಂದ್ರದಲ್ಲಿ ಪಾಲಿಯೇಟಿವ್ ನರ್ಸ್ ಇರುತ್ತಾರೆ, ಹೆಸರು ಬರೆಸಿದರೆ ಮನೆಗೆ ಬರುತ್ತಾರೆ. ಅವರ ಸಹಾಯ ಕೊನೆಯ ದಿನಗಳ ರೋಗಿಗಳಿಗೆ ಮಾತ್ರ ಎಂದು ತುಂಬ ಜನ ತಿಳಿದಿದ್ದಾರೆ, ಹಾಗೇನಿಲ್ಲ. ಅಲ್ಲಿ ಸಿಗುವ ವ್ಯಾಯಾಮದ ಹಾಳೆ ಹೆಚ್ಚಾಗಿ ಮಲಯಾಳದಲ್ಲಿ ಇರುತ್ತದೆ. ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿಗೆ ಓದಲು ಬರುವುದು ಕನ್ನಡ ಮಾತ್ರ. ನಾನು ಹೋದ ಮನೆಗಳಲ್ಲಿ ದೊಡ್ಡ ಅಕ್ಷರದ ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಿ ಬರುತ್ತೇನೆ. ನಿಮ್ಮ ಒಂಬತ್ತನೇ ತರಗತಿಯ ಮಕ್ಕಳಿಂದ ಅಂಥ ಹಾಳೆ ಮಾಡಿಸಿ ಆರೋಗ್ಯ ಕೇಂದ್ರಕ್ಕೆ ಕೊಡಬಹುದಾದರೆ ತುಂಬ ಮನೆಗಳಿಗೆ ಉಪಕಾರವಾಗುತ್ತದೆ. ಬರೆದದ್ದನ್ನು ನನಗೆ ಕಳಿಸಿ, ತಿದ್ದಿ ಕೊಡುತ್ತೇನೆ.

ಎಬ್ಬಿಸುವ ಮುಂಚೆ ಇದಿಷ್ಟು ನೋಡಿಕೊಳ್ಳಿ. ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ, ಮುಟ್ಟಿದರೆ ನೋವಾಗುತ್ತಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಆಗ ತಿಕ್ಕಬಾರದು, ನಡೆಸಬಾರದು, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ ಅಥವಾ ಎದೆನೋವು ಬಂದರೆ 108ಕ್ಕೆ ಕರೆ ಮಾಡಿ. ಆಪರೇಶನ್ ಆದ ಕಾಲು ಗಿಡ್ಡವಾದಂತೆ ಅಥವಾ ಹೊರಕ್ಕೆ ತಿರುಗಿದಂತೆ ಕಂಡರೆ, ತೊಡೆಸಂದಿಯಲ್ಲಿ ಹೊಸದಾಗಿ ಜೋರು ನೋವು ಶುರುವಾದರೆ, ಅಮ್ಮನನ್ನು ಎಬ್ಬಿಸಿ ನಿಲ್ಲಿಸಲು ಹೋಗದೆ ಡಾಕ್ಟರಿಗೆ ತೋರಿಸಿ. ಇವು ಯಾವುದೂ ಇಲ್ಲದೆ, ಎದ್ದಾಗ ತೊಡೆ ನಡುಗುವುದು, ಮರುದಿನ ಸ್ನಾಯು ನೋಯುವುದು ಮಾತ್ರ ಇದ್ದರೆ, ಮುಂದುವರಿಸಿ.